ಮೈಮೇಲೊಂದು, ಹಗ್ಗದ ಮೇಲೊಂದು, ಪೆಟ್ಟಿಗೆಯಲ್ಲೊಂದು

ಹೊಲಿಗೆ ಕಲಿಯಲು ಹೊರಟ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನ ಜಗಲಿಗೆ ಬರುತ್ತಾರೆ. ತೋಳು ಹೇಗೆ ಕೂರಿಸಬೇಕು, ಕಾಲರು ಏಕೆ ಸೊಟ್ಟಗಾಗುತ್ತದೆ ಎಂದು ಕೇಳುತ್ತಾರೆ. ಹೇಳಿಕೊಡುತ್ತೇನೆ. ಅದು ಕೈಗೆ ಬರುವ ವಿದ್ಯೆ. ಎಂಥ ದಡ್ಡನಿಗೂ ಎರಡು ಮಳೆಗಾಲ ಕಳೆಯುವುದರೊಳಗೆ ಬಂದೇ ಬರುತ್ತದೆ. ನನಗೇ ಬಂದಿತ್ತಲ್ಲ. ಆದರೆ ಗಿರಾಕಿಯ ಎದೆಗೆ ಟೇಪು ಹಿಡಿಯುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಅದನ್ನು ಈ ಹುಡುಗರಲ್ಲಿ ಯಾರೂ ಕೇಳುವುದಿಲ್ಲ. "ನಿಮ್ಮ ಹತ್ತಿರ ಈಗ ಎಷ್ಟು ಬಟ್ಟೆ ಇದೆ?" ಇದೇ ಆ ಪ್ರಶ್ನೆ.

ಅಂಗಡಿಗೆ ಬಂದವನನ್ನು ಹೀಗೆ ಕೇಳಿ ವಾಪಸು ಕಳಿಸಿದರೆ ದರ್ಜಿಯ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ ಎಂದು ಹುಡುಗರು ನಗುತ್ತಾರೆ. ನಗಲಿ. ನಾನು ಕೆಲಸ ಕಲಿತದ್ದು ನಲವತ್ತರ ದಶಕದಲ್ಲಿ, ಕುಂದಾಪುರ ಪೇಟೆಯ ಮಂಜಯ್ಯ ಮೇಸ್ತ್ರಿಗಳ ಅಂಗಡಿಯಲ್ಲಿ. ಯುದ್ಧ ಬಂದು ಬಟ್ಟೆಗೆ ಕಂಟ್ರೋಲು ಬಿದ್ದಿತ್ತು. ಕಾರ್ಡು ಹಿಡಿದು ಸಾಲಿನಲ್ಲಿ ನಿಂತರೆ ಮನೆಮಂದಿಗೆಲ್ಲ ಸೇರಿ ಒಂದು ತುಂಡು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಮುಂದಿನ ಸರದಿ. ಆ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಅಪ್ಪ, ಅಮ್ಮ, ಮಕ್ಕಳು ಎಲ್ಲ ಒಟ್ಟಿಗೆ ಅಂಗಡಿಗೆ ಬರುತ್ತಿದ್ದರು. ಅಪ್ಪನಿಗೆ ಅಂಗಿಯೋ ಮಗಳಿಗೆ ರವಿಕೆಯೋ ಎಂದು ನಮ್ಮ ಬೆಂಚಿನ ಮೇಲೆಯೇ ಜಗಳ. ತೀರ್ಪು ಹೇಳಬೇಕಾದವರು ನಾವು. ಮುನ್ಸೀಫರ ಕೋರ್ಟಿನಲ್ಲಿ ವಾಯಿದೆಯಾದರೂ ಸಿಗುತ್ತದೆ, ನಮ್ಮಲ್ಲಿ ಅದೂ ಇರಲಿಲ್ಲ. ಒಮ್ಮೆ ಕತ್ತರಿ ಆಡಿಸಿದರೆ ಮುಗಿಯಿತು, ಮೇಲ್ಮನವಿ ಇಲ್ಲ.

ಮಂಜಯ್ಯ ಮೇಸ್ತ್ರಿಗಳು ಒಳ್ಳೆಯ ಕೆಲಸಗಾರರು, ಕೆಟ್ಟ ಬಾಯಿಯವರು. ನಾನು ಬರುವ ತನಕ ಅವರ ಅಂಗಡಿಯಲ್ಲಿ ಅಳತೆ ಎಂದರೆ ದಾರ. ಎದೆಗೊಂದು ಗಂಟು, ಸೊಂಟಕ್ಕೊಂದು ಗಂಟು, ತೋಳಿಗೊಂದು ಗಂಟು ಹಾಕಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಊರಿನ ಗಣ್ಯರೆಲ್ಲ ಆ ಗೋಡೆಯಲ್ಲಿ ದಾರವಾಗಿ ತೂಗುತ್ತಿದ್ದರು. ನಾನು ಬೊಂಬಾಯಿಯಲ್ಲಿ ಸ್ವಲ್ಪ ಕಾಲ ಇದ್ದು ಟೇಪು ಹಿಡಿಯಲು ಕಲಿತು ಬಂದವನು. ಟೇಪು ನೋಡಿ ಮೇಸ್ತ್ರಿಗಳು ಮೂಗು ಮುರಿದರು, ಆದರೆ ತಿಂಗಳೊಳಗೆ ಅದನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಕೊನೆಯವರೆಗೂ ನನಗೆ ವಾಪಸು ಕೊಡಲಿಲ್ಲ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು ಬಂದಾಗಲೂ ಇದೇ ಕಥೆ. ಮೊದಲು ಬೈಯುವುದು, ಆಮೇಲೆ ಬಿಟ್ಟುಕೊಡದಿರುವುದು.

ಅವರು ಯಾವತ್ತೂ ಬದಲಾಯಿಸದ ಪದ್ಧತಿ ಒಂದೇ. ಕತ್ತರಿ ಮುಟ್ಟುವ ಮೊದಲು ಗಿರಾಕಿಯ ಮುಖದ ಮುಂದೆ ಮೂರು ಬೆರಳು ಎತ್ತುತ್ತಿದ್ದರು.

"ಮೈಮೇಲೊಂದ್, ಹಗ್ಗದ ಮೇಲೊಂದ್, ಪೆಟ್ಗಿಯಂಗೊಂದ್. ನಾಲ್ಕ್ನೇದ್ ಬೇಕ್ ಅಂಬವ ಒಂದೋ ರಾಜ, ಇಲ್ದಿರೆ ಕಳ್ಳ."

ಉಡಲು ಒಂದು, ಒಗೆದು ಒಣಗಲು ಒಂದು, ಮದುವೆ ಮುಂಜಿಗೆ ಒಂದು. ಮೂರು ಇದ್ದವನಿಗೆ ಅವರು ಹೊಲಿಯುತ್ತಿರಲಿಲ್ಲ. "ನಿಮ್ಮ ಮನೆಯಲ್ಲಿ ಇಲ್ಲದವರು ಯಾರು?" ಎಂದು ಕೇಳಿ, ಆ ತುಂಡಿನಲ್ಲಿ ಅವರಿಗೆ ಹೊಲಿದು ಕೊಡುತ್ತಿದ್ದರು. ಬೈದುಕೊಂಡು ಹೋದವರೂ ಮತ್ತೆ ನಮ್ಮಲ್ಲಿಗೇ ಬರುತ್ತಿದ್ದರು. ಇದು ಒಳ್ಳೆಯ ಲೆಕ್ಕ ಎಂದು ನಾನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಲೆಕ್ಕ ಒಳ್ಳೆಯದಿದ್ದರೆ ಸಾಲದು, ಹಾಕುವವನಿಗೂ ಬುದ್ಧಿ ಬೇಕು. ಅದನ್ನು ನನಗೆ ಕಲಿಸಿದ್ದು ಒಂದು ಕೋಟು, ಏಳು ಅಂಗಿ, ಮತ್ತೆ ಒಬ್ಬ ಅತ್ತೆ.

ಕೋಟು ಬ್ರಹ್ಮಾವರದ ಕಡೆಯದು. ಒಬ್ಬ ಮದುಮಗ ಬೊಂಬಾಯಿಯ ಮಾವ ಕಳಿಸಿದ ದಪ್ಪ ಬಟ್ಟೆ ಹಿಡಿದುಕೊಂಡು ಬಂದ. ಮದುವೆಗೆ ಕೋಟು ಬೇಕಂತೆ.

"ಮದಿ ಆದ್ಮೇಲೆ ಇದನ್ ಹಾಕ್ಕಂಡ್ ಎಲ್ಲಿಗ್ ಹೋತೆ? ಗದ್ದಿ ಹೂಡುಕಾ?" ಎಂದರು ಮೇಸ್ತ್ರಿಗಳು.

ಹುಡುಗ ತಲೆ ಕೆಳಗೆ ಹಾಕಿದ. ಆದರೂ ಮೇಸ್ತ್ರಿಗಳು ಅವನನ್ನು ಕಳಿಸಲಿಲ್ಲ. ಕೋಟು ಹೊಲಿದರು, ಹೊಲಿಗೆಯ ಒಳಗೆ ಎಲ್ಲ ಕಡೆಯೂ ಧಾರಾಳವಾಗಿ ಬಟ್ಟೆ ಬಿಟ್ಟರು. ಕೊಡುವಾಗ ಹೇಳಿದರು, "ಕಾಣ್, ಈ ಕೋಟ್ ನಿಂದಲ್ಲ, ಊರಿದ್ದ್. ನಿನ್ ಮದಿ ಮುಗ್ದ್ ಕೂಡ್ಲೇ ಮುಂದಿನವನಿಗೆ ಕೊಡ್ಕ್."

ಹಾಗೆಯೇ ಆಯಿತು. ಆ ಊರಿನ ಮದುಮಗಂದಿರೆಲ್ಲ ಆ ಒಂದೇ ಕೋಟಿನಲ್ಲಿ ಮಂಟಪಕ್ಕೆ ಏರಿದರು. ಪ್ರತಿ ಮದುವೆಗೂ ಕೋಟು ನಮ್ಮ ಅಂಗಡಿಗೆ ಬರುತ್ತಿತ್ತು. ಸಪೂರದವನಿಗೆ ಒಳಗೆ ಹಿಡಿಯುವುದು, ದಪ್ಪದವನಿಗೆ ಬಿಡುವುದು. ಒಮ್ಮೆ ಎಂಥ ಒಬ್ಬ ಬಂದನೆಂದರೆ ಒಳಗೆ ಬಿಟ್ಟ ಬಟ್ಟೆಯೆಲ್ಲ ಮುಗಿದರೂ ಎರಡು ಗುಂಡಿ ಸೇರಲಿಲ್ಲ. ಕಂಕುಳ ಕೆಳಗೆ ಹಳೆ ಕೊಡೆಯ ಬಟ್ಟೆ ಸೇರಿಸಿ ಹೊಲಿದು, "ಕೈ ಮಾತ್ರ ಎತ್ತಬೇಡ" ಎಂದು ಹೇಳಿ ಕಳಿಸಿದೆ. ಮದುಮಗ ಹಾರ ಹಾಕಬೇಕು ಎಂಬುದು ನನಗೂ ನೆನಪಾಗಲಿಲ್ಲ, ಅವನಿಗೂ ನೆನಪಾಗಲಿಲ್ಲ. ಮಂಟಪದಲ್ಲಿ ಅವನು ಮೊಣಕೈ ಪಕ್ಕೆಗೆ ಒತ್ತಿ ಹಾರ ಹಿಡಿದುಕೊಂಡು ನಿಂತದ್ದನ್ನು ಕಂಡು ಆ ಹುಡುಗಿಯೇ ತಲೆ ಬಗ್ಗಿಸಿ ಹಾರದೊಳಗೆ ತೂರಿಸಿದಳಂತೆ. ಎಂಥ ವಿನಯದ ಹೆಣ್ಣು ಎಂದು ಊರೆಲ್ಲ ಹೊಗಳಿತು. ಒಂದು ಊರಿಗೆ ಎಷ್ಟು ಕೋಟು ಬೇಕು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಎನ್ನುತ್ತೇನೆ, ಜೊತೆಗೆ ತಲೆ ಬಗ್ಗಿಸಬಲ್ಲ ಹುಡುಗಿಯರು.

ಏಳು ಅಂಗಿಯ ಕಥೆ ಶಿರೂರಿನ ಗೋಯಿಂದನದು. ಮೀನಿನ ವ್ಯಾಪಾರದವನು, ದೋಣಿಯ ಮನೆಯವನು, ನನ್ನ ಓರಗೆಯವನು. ಬೊಂಬಾಯಿಗೆ ಹೋಗಿ ವಾರದ ಒಂದೊಂದು ದಿನಕ್ಕೆ ಒಂದೊಂದರಂತೆ ಏಳು ಅಂಗಿ ಹೊಲಿಸಿಕೊಂಡು ಬಂದಿದ್ದ. ಪೇಟೆಯಲ್ಲಿ ಸಿಕ್ಕಾಗ ಎದೆ ಉಬ್ಬಿಸಿ, "ಹ್ವಾಯ್ ವೆಂಕ್ಟ, ನಿನ್ ಮೇಸ್ತ್ರಿಯ ಮೂರ್ ಬೆರಳ್ ನಂಗ್ ಸಾಕಾತಿಲ್ಲೆ" ಎಂದ. ಚೌತಿಯ ಹೊತ್ತಿಗೆ ಬರಿಮೈಯಲ್ಲಿ ಅಂಗಡಿಗೆ ಬಂದು ಒಂದು ಅಂಗಿ ಹೊಲಿದುಕೊಡು ಎಂದು ಕೂತ.

"ಏಳ್ ಅಂಗಿ ಎಲ್ಹೋಯ್ತಾ?" ಎಂದೆ.

"ಎಲ್ಲಾ ಕಡಲಿಗ್ ಹೋಯ್ತ್ ಮಾರಾಯ. ಒಂದ್ ಅಣ್ಣನ ಮೈಮೇಲಿತ್, ಒಂದ್ ಭಾವ ಹಾಕ್ಕಂಡ್ ಹೋದ, ಒಂದ್ ಕೊಲ್ಲೂರಿಗೆ ಹರಕಿಗ್ ಹೋಪವಂಗ್ ಕೊಟ್ಟೆ. ಉಳ್ದದ್ ಯಾರ್ ಹಾಕ್ಕಂಡಿರೋ, ಎದ್ರಿಗ್ ಬಂದ್ರೆ ನನ್ನಂಗೇ ಕಾಣ್ತ್ರ್."

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಅವನಿಗೆ ಬೇಸರವೇ ಇರಲಿಲ್ಲ. ಅವನ ಮನೆಯಲ್ಲಿ ಅಂಗಿ ಎಂದರೆ ಹಗ್ಗದ ಮೇಲೆ ಇರುವುದು. ಯಾರು ಮೊದಲು ಹೊರಟರೋ ಅವರದು. ಅವತ್ತು ಕಲಿತೆ, ಬಟ್ಟೆಯನ್ನು ಎಣಿಸಬಾರದು, ಅದನ್ನು ಹಾಕುವ ಮೈಗಳನ್ನು ಎಣಿಸಬೇಕು. ಇಷ್ಟು ಕಲಿತ ಮೇಲೆ ನನಗೆ ಎಲ್ಲ ತಿಳಿಯಿತು ಎಂಬ ಧಿಮಾಕು ಬಂತು. ಅಂಥ ಹೊತ್ತಿನಲ್ಲೇ ಜಾನಕಿ ಟೀಚರು ಅಂಗಡಿಯ ಮೆಟ್ಟಿಲು ಹತ್ತಿದ್ದು.

ಜಾನಕಿ ಟೀಚರ ಮನೆ ಹಟ್ಟಿಯಂಗಡಿಯ ಹತ್ತಿರ. ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವರು. ಮದುವೆಯಾದ ಮೇಲೆ ಊರಿಗೆ ಬಂದದ್ದು ಅಪರೂಪ, ಹಣ ಕಳಿಸುವುದು ಅದಕ್ಕಿಂತ ಅಪರೂಪ. ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದದ್ದು ಈಕೆ ಮತ್ತು ಅತ್ತೆ ಕಾವೇರಮ್ಮ. ಗದ್ದೆಯ ಅಂಚು, ಹಾಡಿಯ ಕುರುಚಲು ಕಾಡು ದಾಟಿ ಹೋದರೆ ಒಂದು ಹೆಣ್ಣುಮಕ್ಕಳ ಶಾಲೆ. ಅಲ್ಲಿಯ ಕೆಲಸದಿಂದಲೇ ಇಬ್ಬರ ಊಟ.

ಮಳೆ ಆಗಷ್ಟೇ ಹಿಡಿದಿತ್ತು. ಟೀಚರು ಬೆಂಚಿನ ತುದಿಯಲ್ಲಿ ಕೂತು ವಿಷಯ ಹೇಳಿದರು. ಹೋದ ಮಳೆಗಾಲದಲ್ಲಿ ಅವರು ದಾರಿಯಲ್ಲಿ ನೆನೆದು ಒದ್ದೆ ಸೀರೆಯಲ್ಲೇ ಪಾಠ ಮಾಡುತ್ತಿದ್ದರಂತೆ. ಸೀರೆ ತೀರಾ ಒದ್ದೆಯಿದ್ದ ದಿನ ಶಾಲೆಗೇ ಹೋಗುತ್ತಿರಲಿಲ್ಲ. ಶಾಲೆಯ ಮ್ಯಾನೇಜರು ಈಗ ಕರೆದು, "ಮಕ್ಕಳಿಗೆ ಶುಚಿ ಕಲಿಸಬೇಕಾದವರೇ ನೀರು ಸುರಿಸಿಕೊಂಡು ನಿಂತರೆ ಹೇಗಮ್ಮ? ಈ ವರ್ಷವೂ ಹೀಗೇ ಆದರೆ, ರಜೆ ಹಾಕಿದರೆ, ಚೌತಿಯ ನಂತರ ಬೇರೆಯವರನ್ನು ನೋಡಿಕೊಳ್ಳುತ್ತೇನೆ" ಎಂದಿದ್ದರು.

"ವೆಂಕ್ಟಣ್ಣ, ನನ್ ಹತ್ರ ಇಪ್ಪುದ್ ಎರಡೇ ಸೀರಿ. ಕಾರ್ಡಿನ ಪಾಲ್ ಮುಗ್ದಿತ್. ಶಾಲಿಯಂಗ್ ಒಣ್ಕಂಡ್ ನಿಲ್ಲುಕೆ ಎಂತಾರೂ ಉಪಾಯ ಇತ್ತಾ?" ಎಂದರು ಟೀಚರು. ಆ ಮಾತಿನಲ್ಲಿ ಅಳು ಇರಲಿಲ್ಲ, ಆದರೆ ಅಳುವಿಗೆ ತುಂಬ ದೂರವೂ ಇರಲಿಲ್ಲ.

ನಾನು ನನ್ನ ಪ್ರಶ್ನೆಗಳನ್ನು ಕೇಳಿದೆ. ಎರಡು ಸೀರೆಯಲ್ಲಿ ಒಂದು ಅಡುಗೆಮನೆಯ ಮಡಿಗೆ. ಮನೆದೇವರಿಗೆ ದಿನವೂ ನೈವೇದ್ಯ ಆಗಬೇಕು. ಕಾವೇರಮ್ಮನ ಕಣ್ಣಿಗೆ ಪೊರೆ ಬಂದು ಒಲೆಯ ಹತ್ತಿರ ಹೋಗುವಂತಿರಲಿಲ್ಲ, ಹಾಗಾಗಿ ಅಡುಗೆ ಸೊಸೆಯದೇ. ಇನ್ನೊಂದು ಸೀರೆ ದಾರಿಗೂ ಶಾಲೆಗೂ.

"ಸೀರಿ ಎಷ್ಟ್ ಮೊಳದ್?"

"ಹದಿನೆಂಟ್ ಮೊಳ. ಕಚ್ಚಿ ಹಾಕಿ ಉಡುದಲ್ದಾ?"

"ಹಂಗಾರೆ ನಿಮ್ ಹತ್ರ ಇಪ್ಪುದ್ ಎರಡಲ್ಲ ಟೀಚರೇ, ಮೂರ್" ಎಂದೆ.

ಲೆಕ್ಕ ಸರಳ. ಪೇಟೆಯ ಹೆಂಗಸರು ಆಗಲೇ ಕಚ್ಚೆ ಬಿಟ್ಟು ಹನ್ನೆರಡು ಮೊಳದ ಸೀರೆಗೆ ಬಂದಿದ್ದರು. ಎರಡು ಉದ್ದ ಸೀರೆಯಿಂದ ಆರಾರು ಮೊಳ ಕತ್ತರಿಸಿ ಆ ಎರಡು ತುಂಡನ್ನು ಜೋಡಿಸಿದರೆ ಮೂರನೆಯದೊಂದು ಸೀರೆ. ಜೋಡಿಸಿದ ಹೊಲಿಗೆ ಒಳಸುತ್ತಿನಲ್ಲಿ ಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಒಂದು ಮಡಿಗೆ, ಒಂದು ದಾರಿಗೆ, ಒಂದು ಶಾಲೆಯ ಕಪಾಟಿನಲ್ಲಿ. ನೆನೆದುಕೊಂಡು ಹೋಗುವುದು, ಶಾಲೆಯಲ್ಲಿ ಒಣ ಸೀರೆ ಉಡುವುದು, ಸಂಜೆ ಮತ್ತೆ ದಾರಿಯ ಸೀರೆ ಉಟ್ಟು ಮನೆಗೆ. ದಾರಿಯ ಸೀರೆ ಒದ್ದೆ ಇದ್ದರೇನು, ಹೇಗೂ ಮಳೆಯಲ್ಲಿ ನೆನೆಯುವುದೇ. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ. ಮೇಸ್ತ್ರಿಗಳು ಕೂಡ "ಹ್ಞೂಂ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಒಂದು ತೊಡಕು ಉಳಿಯಿತು. ಕಚ್ಚೆಯ ಸೀರೆಗೆ ಒಳಲಂಗ ಬೇಡ, ಹನ್ನೆರಡು ಮೊಳದ್ದಕ್ಕೆ ಬೇಕು. ಬಟ್ಟೆ ಎಲ್ಲಿಂದ ತರುವುದು? ಗೋಯಿಂದನಿಗೆ ಹೇಳಿಕಳಿಸಿದೆ. ಅವನು ದೋಣಿಯ ಒಂದು ಹಳೆಯ ಹಾಯಿ ತಂದುಕೊಟ್ಟ. ಕಡಲ ಗಾಳಿಗೆ ಮೆತ್ತಗಾದ ಗಟ್ಟಿ ಬಟ್ಟೆ. ಅವನು ಏನೋ ಹೇಳಲು ಬಾಯಿ ತೆಗೆದಾಗ, "ನಿಂದ್ ಏಳ್ ಅಂಗಿಯ ಬುದ್ಧಿ ನಿನ್ ಹತ್ರವೇ ಇರ್ಲಿ" ಎಂದು ಬಾಯಿ ಮುಚ್ಚಿಸಿದೆ. ಎರಡು ಸಲ ಬಾವಿನೀರಿನಲ್ಲಿ ಹಿಂಡಿ, ಎರಡು ಲಂಗ ಹೊಲಿದೆ.

ಎಲ್ಲವನ್ನೂ ಕಟ್ಟಿಕೊಂಡು ನಾನೇ ಅವರ ಮನೆಗೆ ಹೋದೆ. ಕಾವೇರಮ್ಮ ಜಗಲಿಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿದ್ದರೂ ಬೆರಳು ಚುರುಕು. ನಾನು ಮುಂದಿಟ್ಟ ಸೀರೆಗಳ ಅಂಚನ್ನು ಉದ್ದಕ್ಕೂ ಸವರಿಕೊಂಡು ಬಂದು ಒಂದು ಕಡೆ ಬೆರಳು ನಿಲ್ಲಿಸಿದರು.

"ಇದ್ ಹೊಲ್ಗಿ ಅಲ್ದಾ?"

"ಹೌದಮ್ಮ."

"ಹೊಲ್ಗಿ ಬಿದ್ದ್ ಬಟ್ಟಿ ಮಡಿಗ್ ಆತಿಲ್ಲೆ. ಇದ್ ಶಾಲಿಯಂಗೇ ಇರ್ಲಿ, ಮನಿಗ್ ಬಪ್ಪುದ್ ಬ್ಯಾಡ. ಲಂಗವೂ ಒಲಿ ಹತ್ರ ಬಪ್ಪುಕಾಗ." ಸೀರೆ ಮಡಚಿ ಬದಿಗಿಟ್ಟು, "ಕಚ್ಚಿ ಇಲ್ದ್ ಮಡಿ ಎಂತದೋ, ಕಾಲ ಹಾಳಾಯ್ತ್" ಎಂದು ಗೊಣಗಿದರು. ಆದರೆ ಬೇಡ ಎನ್ನಲಿಲ್ಲ. ಸೊಸೆಯ ಕೆಲಸ ಹೋದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು. ಹೊರಡುವಾಗ ಒಂದು ಲೋಟ ಬೆಲ್ಲದ ನೀರು ಕೊಡಿಸಿದರು. ಗೆದ್ದೆ ಎಂದುಕೊಂಡು ವಾಪಸು ಬಂದೆ.

ಆಸಾಡಿಯ ಮಳೆ ಕೂತಿತು. ನಮ್ಮ ಕಡೆಯ ಮಳೆಯನ್ನು ನಾನು ಯಾರಿಗೂ ವಿವರಿಸಬೇಕಾಗಿಲ್ಲ. ಬಟ್ಟೆ ಒಣಗುವುದು ಎಂದರೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುವುದು. ಊರಿನವರೆಲ್ಲ ಹೊಗೆಯ ಪರಿಮಳದಲ್ಲೇ ಓಡಾಡುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಪಕ್ಕದ ಮನೆಯವರ ಗಾಡಿಯಲ್ಲಿ ಕಾವೇರಮ್ಮ ಅಂಗಡಿಯ ಮುಂದೆ ಬಂದಿಳಿದರು. ಅವರು ದರ್ಜಿಯ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ಮೇಸ್ತ್ರಿಗಳು ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ವೆಂಕ್ಟ ಅಂದ್ರೆ ನೀನೇ ಅಲ್ದಾ? ನಿನ್ ಮೂರ್ ಸೀರಿ ಲೆಕ್ಕ ಹೇಳುಕೆ ಬಂದೆ" ಎಂದರು.

ಬೆಂಚಿನ ಮೇಲೆ ಕೂತು ಶಾಂತವಾಗಿ ಹೇಳಿದರು. ಮಡಿಯ ಸೀರೆ ದಿನವೂ ಒಗೆಯಬೇಕು, ಯಾರೂ ಮುಟ್ಟದೆ ಒಣಗಬೇಕು. ಒಂದು ರಾತ್ರಿಯಲ್ಲಿ ಅದು ಒಣಗುವುದಿಲ್ಲ. ಸೊಸೆ ಬೆಳಿಗ್ಗೆ ಒದ್ದೆ ಸೀರೆ ಉಟ್ಟು ಒಲೆ ಮುಂದೆ ಕೂರುತ್ತಾಳೆ. ಮುಂದೆ ಬೆಂಕಿ, ಹಿಂದೆ ನೀರು. ಆಮೇಲೆ ನಿನ್ನೆಯ ಒದ್ದೆಯ ದಾರಿ ಸೀರೆ ಉಟ್ಟು ಹೊರಡುತ್ತಾಳೆ.

"ಅದ್ರೊಳಗೆ ನೀನ್ ಹೊಲ್ದ್ ಲಂಗ. ಎಂತ ಬಟ್ಟಿ ಅದ್? ಮಳಿ ಇಲ್ದಿರೂ ನೀರ್ ಸುರ್ಸತ್ತ್. ಹೆಣ್ಣ್ ಒಣ್ಕಂಡ್ ಇಪ್ದ್ ಶಾಲಿಯಂಗ್ ಮಾತ್ರ. ಈಗ ಜ್ವರ, ಕೆಮ್ಮ್. ಎರಡ್ ದಿನ ಶಾಲಿಗ್ ಹೋಯ್ಲಿಲ್ಲ. ಇನ್ನೊಂದ್ ದಿನ ತಪ್ಪಿರೆ ಬಪ್ದೇ ಬ್ಯಾಡ ಅಂದೇಳಿ ಮ್ಯಾನೇಜ್ರ್ ಹೇಳಿಕಳ್ಸಿರ್."

ನಾನು ಮ್ಯಾನೇಜರ ಕಣ್ಣಿಗೆ ಬೇಕಾದಷ್ಟು ಬಟ್ಟೆ ಎಣಿಸಿದ್ದೆ, ಜಾನಕಿ ಟೀಚರ ಮೈಗೆ ಬೇಕಾದ್ದನ್ನು ಎಣಿಸಿರಲಿಲ್ಲ. ಮೈಗಳನ್ನು ಎಣಿಸಬೇಕು ಎಂದು ಗೋಯಿಂದನಿಂದ ಕಲಿತವನು, ಎದುರಿಗಿದ್ದ ಒಂದೇ ಮೈಯನ್ನು ಬಿಟ್ಟುಬಿಟ್ಟಿದ್ದೆ. ಹಾಯಿಯ ವಿಷಯ ಆಮೇಲೆ ಗೋಯಿಂದನೇ ಹೇಳಿದ. ಕಡಲ ಉಪ್ಪು ಕುಡಿದ ಬಟ್ಟೆ ಮಳೆಗಾಲದಲ್ಲಿ ಗಾಳಿಯಿಂದಲೇ ನೀರು ಎಳೆಯುತ್ತದೆಯಂತೆ. ಸಿಹಿನೀರಿನಲ್ಲಿ ಹಾಕಿ ಮತ್ತೆ ಮತ್ತೆ ಕುದಿಸಿ ನೀರು ಚೆಲ್ಲಬೇಕಂತೆ. "ಅದನ್ನೇ ಹೇಳುಕೆ ಬಂದಿದ್ದೆ, ನೀನ್ ಬಿಟ್ಯಾ?" ಎಂದ. ದೋಣಿಮನೆಯ ಮಕ್ಕಳಿಗೂ ಗೊತ್ತಿದ್ದ ವಿಷಯ.

ಕಾವೇರಮ್ಮ ಮಡಿಲಲ್ಲಿದ್ದ ಗಂಟು ಬಿಚ್ಚಿದರು. ಒಳಗೆ ಒಂದು ಪಟ್ಟೆ ಸೀರೆ, ಅಪ್ಪಟ ರೇಷ್ಮೆ. ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು, ಜರಿ ಮಾತ್ರ ಹಾಗೆಯೇ ಇತ್ತು. ಎಷ್ಟೋ ವರ್ಷ ಮಡಿಕೆ ಬಿಚ್ಚದೆ ಇಟ್ಟದ್ದರಿಂದ ಒಂದು ಮಡಿಕೆಯ ಗೆರೆಯಲ್ಲಿ ಉದ್ದಕ್ಕೆ ಹರಿದಿತ್ತು.

"ನನ್ ಧಾರಿ ಸೀರಿ, ಮದಿಯಂಗ್ ಉಟ್ಟದ್. ಪೆಟ್ಗಿಯಂಗಿತ್ತ್. ಪಟ್ಟಿಗೆ ದಿನಾ ನೀರ್ ಬ್ಯಾಡ, ಮುಟ್ಟದೆ ಎತ್ತಿಟ್ರೆ ಮಡಿಯೇ. ಬೆಳಿಗ್ಗೆ ಒಣ್ಕಂಡಿರತ್ತ್. ಹೆಣ್ಣ್ ಇದನ್ ಉಟ್ಕಂಡ್ ಅಡಿಗಿ ಮಾಡ್ಲಿ."

ಲೆಕ್ಕ ನನಗೆ ಥಟ್ಟನೆ ಹೊಳೆಯಿತು. ಮಡಿಗೆ ಪಟ್ಟೆ ಸೀರೆ ಆದರೆ ಮಡಿಯ ನೂಲಿನ ಸೀರೆ ದಾರಿಗೆ ಸಿಗುತ್ತದೆ. ದಾರಿಗೆ ಎರಡು ಸೀರೆ; ಒಂದು ಉಟ್ಟ ದಿನ ಇನ್ನೊಂದು ಒಲೆಯ ಮೇಲೆ, ಒಣಗಲು ಎರಡು ರಾತ್ರಿ. ಇಷ್ಟು ಸರಳ. ಆದರೆ ಆ ಮನೆಯ ಪೆಟ್ಟಿಗೆಯ ಒಳಗೆ ಏನಿದೆ ಎಂದು ಕೇಳುವುದು ನನಗೆ ಹೊಳೆದಿರಲಿಲ್ಲ, ಮೂರನೆಯ ಬೆರಳು ದಿನವೂ ಕಣ್ಣೆದುರಿಗೇ ಇದ್ದರೂ.

ಸೀರೆ ಕೈಗೆ ತೆಗೆದುಕೊಂಡು ಹರಿದದ್ದನ್ನು ಬೆಳಕಿಗೆ ಹಿಡಿದೆ. ಹೊಲಿದರೆ ಮಡಿಗೆ ಆಗುವುದಿಲ್ಲ. ಹೊಲಿಯದಿದ್ದರೆ ಉಟ್ಟ ಮೊದಲ ದಿನವೇ ಎರಡು ತುಂಡು.

"ಅಮ್ಮ, ಇದರ ಅಂಚಿಂದ್ಲೇ ಎಳಿ ತೆಗ್ದ್ ರಫು ಮಾಡ್ತೆ. ಹೊಲ್ಗಿ ಅಂದೇಳಿ ಯಾರಿಗೂ ತಿಳಿತಿಲ್ಲೆ. ಬೆರಳಿಗೂ ಸಿಕ್ಕುದಿಲ್ಲ" ಎಂದೆ. ಅವರಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

"ಕದ್ದ್ ಹೊಲಿಬ್ಯಾಡ" ಎಂದರು ಕಾವೇರಮ್ಮ. "ನನ್ ಬೆರಳಿಗ್ ಸಿಕ್ದಿರೂ ದೇವ್ರಿಗ್ ಸಿಕ್ಕುದಿಲ್ಯಾ? ಹೊಲ್ಗಿ ಅಂದ್ರೆ ಹೊಲ್ಗಿಯೇ. ಗಟ್ಟಿ ಹೊಲಿ, ಹತ್ತ್ ವರ್ಷ ಬಪ್ಪಂಗ್ ಹೊಲಿ."

"ಮಡಿಗ್ ಆತಿಲ್ಲೆ ಅಂದೇಳಿ ನೀವೇ ಅಂದದ್ದಲ್ದಾ ಅಮ್ಮ?"

"ಅಂದದ್ದ್ ನಾನೇ. ಈಗ ಹೊಲಿ ಅಂಬುದೂ ನಾನೇ. ದೇವ್ರ್ ಹತ್ರ ನಾನ್ ಮಾತಾಡ್ತೆ, ನೀನ್ ಸೂಜಿ ಹಿಡಿ."

ಮೇಸ್ತ್ರಿಗಳು ನನ್ನ ಕೈಯಿಂದ ಸೀರೆ ತೆಗೆದುಕೊಂಡರು. ಆ ಹೊಲಿಗೆಯನ್ನು ಅವರೇ ಹಾಕಿದರು, ಮಿಷನ್ನಿನಲ್ಲಿ ಅಲ್ಲ, ಕೈಯಲ್ಲಿ. ಒಳಗಡೆ ಸಪೂರದ ಪಟ್ಟಿ ಕೊಟ್ಟು, ಜೋಡಿ ಹೊಲಿಗೆ. ಕಾವೇರಮ್ಮ ಅಷ್ಟು ಹೊತ್ತೂ ಅಲ್ಲೇ ಕೂತಿದ್ದರು. ಸುಮ್ಮನಿರಲಾಗದೆ ನಾನು ಕೇಳಿದೆ, "ಇಷ್ಟ್ ವರ್ಷ ಇದನ್ ಯಾರಿಗಂದೇಳಿ ಇಟ್ಕಂಡಿದ್ರಿ?"

"ಮೊಮ್ಮಗಳಿಗೆ. ಅದ್ರ ಧಾರಿಗೆ" ಎಂದರು. "ಮಗ ಬೊಂಬಾಯಂಗಿದ್ದ, ಸೊಸಿ ಇಲ್ಲಿತ್ತ್. ಮೊಮ್ಮಗಳ್ ಎಲ್ಲಿಂದ ಬತ್ತ್? ಹುಟ್ಟದಿದ್ದ್ ಹೆಣ್ಣಿಗೆ ಸೀರಿ ಇಟ್ಟ್, ಹುಟ್ಟಿದ್ ಹೆಣ್ಣನ್ ಚಳಿಯಂಗ್ ಇಟ್ಟೆ ಕಾಣ್."

ಮೇಸ್ತ್ರಿಗಳು ತಲೆ ಎತ್ತಲಿಲ್ಲ, ಸೂಜಿಯೂ ನಿಲ್ಲಲಿಲ್ಲ. ನನ್ನ ಕಣ್ಣು ತುಂಬಿತ್ತು ಎಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನನಗೆ ನಾಚಿಕೆ ಇಲ್ಲ.

ಮಾರನೆಯ ದಿನವೇ ಜಾನಕಿ ಟೀಚರು ಶಾಲೆಗೆ ಹೋದರು. ಕೆಮ್ಮು ಇಳಿಯಲು ಸ್ವಲ್ಪ ದಿನ ಹಿಡಿಯಿತು, ಆದರೆ ಒಂದು ದಿನವೂ ತಪ್ಪಲಿಲ್ಲ. ಲಂಗಗಳನ್ನು ಗೋಯಿಂದ ಹೇಳಿದಂತೆ ನಮ್ಮ ಅಂಗಡಿಯ ಹಿಂದೆಯೇ ಕುದಿಸಿದೆ. ಆ ನೀರು ಹೊಯ್ದ ಜಾಗದಲ್ಲಿ ಆ ವರ್ಷ ಹುಲ್ಲು ಕೂಡ ಹುಟ್ಟಲಿಲ್ಲ. ಮ್ಯಾನೇಜರು ಜಡಿಮಳೆಯ ಒಂದು ದಿನ ನೋಡಿಯೇ ಬಿಡೋಣ ಎಂದು ಶಾಲೆಗೆ ಬಂದರಂತೆ. ಸೊಂಟದವರೆಗೆ ನೆನೆದು ಬಾಗಿಲಲ್ಲಿ ನಿಂತವರು ಅವರೇ. ಟೀಚರು ಒಣ ಸೀರೆಯಲ್ಲಿ ನಿಂತು ಮಗ್ಗಿ ಹೇಳಿಸುತ್ತಿದ್ದರು. ಚೌತಿ ಕಳೆಯಿತು, ಬೇರೆಯವರು ಯಾರೂ ಬರಲಿಲ್ಲ. ಆ ಶಾಲೆಯಲ್ಲೇ ಅವರು ನಿವೃತ್ತಿಯವರೆಗೂ ದುಡಿದರು. ಅವರಲ್ಲಿ ಓದಿದ ಹುಡುಗಿಯರಿಗೆ ರವಿಕೆ ಹೊಲಿದೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಆದ್ದರಿಂದ ಹುಡುಗರೇ, ಮೂರು ಸಾಕೇ ಎಂದು ಕೇಳಿದರೆ ಈಗಲೂ ಸಾಕು ಎನ್ನುತ್ತೇನೆ. ಕಂಟ್ರೋಲು ಹೋಗಿ, ಮಿಲ್ಲಿನ ಬಟ್ಟೆ ರಾಶಿ ಬಿದ್ದು, ಕಪಾಟಿನ ಬಾಗಿಲು ಮುಚ್ಚದಷ್ಟು ಬಟ್ಟೆ ಇರುವ ಈ ಕಾಲದಲ್ಲೂ ಸಾಕು. ಆದರೆ ಎಣಿಸುವಾಗ ಮೈಮೇಲಿನದನ್ನು ಎಲ್ಲರೂ ತೋರಿಸುತ್ತಾರೆ, ಹಗ್ಗದ ಮೇಲಿನದು ಹೇಗೂ ಕಾಣುತ್ತದೆ. ಪೆಟ್ಟಿಗೆಯದನ್ನು ಕೇಳಿ. ಏನಿದೆ ಎಂದು ಮಾತ್ರವಲ್ಲ, ಯಾರಿಗೆ ಎಂದು ಕೇಳಿ. ಎಷ್ಟೋ ಮನೆಯಲ್ಲಿ ಹೊಸ ಬಟ್ಟೆಯೇ ಬೇಕಾಗುವುದಿಲ್ಲ.

ನಾನು ಈಗ ಕೂತು ಬರೆಯುತ್ತಿರುವುದು ಒಂದು ಹಲಸಿನ ಮರದ ಪೆಟ್ಟಿಗೆಯ ಮೇಲೆ. ಅಂಗಡಿ ಮುಚ್ಚಿದ ಮೇಲೆ ಇದನ್ನು ಮನೆಗೆ ತಂದುಕೊಂಡೆ. ಒಳಗೆ ತುಂಡು ಬಟ್ಟೆ ಇದೆ, ಕೇಳಿದವರಿಗೆ ಕೊಡುತ್ತೇನೆ. ಆ ವರ್ಷ ಮಳೆ ಮುಗಿದು ಬಿಸಿಲು ಬಂದಾಗ ಜಾನಕಿ ಟೀಚರು ಇದನ್ನು ಗಾಡಿಯಲ್ಲಿ ತಂದು ಅಂಗಡಿಯ ಮುಂದೆ ಇಳಿಸಿದ್ದರು. ಒಳಗೆ ಏನೂ ಇರಲಿಲ್ಲ, ಕರ್ಪೂರದ ಪರಿಮಳ ಮಾತ್ರ ಉಳಿದಿತ್ತು. ಒಳ್ಳೆಯ ಪೆಟ್ಟಿಗೆ, ಮನೆಯಲ್ಲೇ ಇರಲಿ, ನನಗೇಕೆ ಎಂದೆ.

"ನಾನೂ ಹಾಂಗೇ ಹೇಳ್ದೆ" ಎಂದರು ಟೀಚರು. "ಅತ್ತೆ ಕೇಣ್ಲಿಲ್ಲ. 'ಪೆಟ್ಗಿ ಮನಿಯಂಗಿದ್ರೆ ಮತ್ತೆ ಎಂತಾರೂ ಎತ್ತಿಡ್ಕ್ ಅಂಬ ಆಸಿ ಆತ್ತ್, ತಕಂಡ್ ಹೋಯ್ ಆ ವೆಂಕ್ಟಂಗ್ ಕೊಡ್' ಅಂದ್ರ್."